ಕಚ್ಚದ ಮೀನು

"ಅಯ್ಯನವರೇ, ಹೆಮ್ಮೆ ಬಿಡು, ವಿನಯ ಕಲಿ ಎಂದು ಎಲ್ಲ ಗುರುಗಳೂ ಹೇಳುತ್ತಾರೆ. ನೀವು ಒಂದು ದಿನವೂ ಹೇಳಲಿಲ್ಲ. ಮರೆತಿರೋ, ಬೇಕೆಂದೇ ಬಿಟ್ಟಿರೋ?"

ಕೇಳಿದವನು ಶಾಂತವೀರ ಎಂಬ ಶಿಷ್ಯ. ಓಂಕಾರಯ್ಯನವರ ಬಳಿ ಪಾಠಕ್ಕೆ ಬಂದು ಅವನಿಗೆ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಓಂಕಾರಯ್ಯನವರು ಗುರುವಾಗುವ ಮೊದಲು ವರ್ತಕರಾಗಿದ್ದವರು. ಉಪ್ಪು, ಬಟ್ಟೆ, ಬೆಲ್ಲ ಹೇರಿಕೊಂಡು ಬೆಟ್ಟದ ಸಂತೆಗಳನ್ನೆಲ್ಲ ಸುತ್ತಿದವರು. ವ್ಯಾಪಾರ ಬಿಟ್ಟಿದ್ದರೂ ವ್ಯಾಪಾರಿಯ ಕಣ್ಣು ಅವರನ್ನು ಬಿಟ್ಟಿರಲಿಲ್ಲ. ಯಾರು ಏನು ಕೇಳಿದರೂ ಮೊದಲು ಆ ಪ್ರಶ್ನೆಯನ್ನು ಮಗುಚಿ ನೋಡುತ್ತಿದ್ದರು, ಬಟ್ಟೆಯ ಒಳಮೈ ನೋಡುವ ಹಾಗೆ.

"ಮರೆತಿಲ್ಲ," ಎಂದರು. "ಒಂದು ಕತೆ ಹೇಳುತ್ತೇನೆ. ಮೀನು ಹಿಡಿಯುವವನ ಕತೆ."

ಶಾಂತವೀರನ ಮುಖ ಸಣ್ಣದಾಯಿತು. "ಮೀನೇ? ನೀವು ತಿನ್ನುವವರಲ್ಲವಲ್ಲ."

"ನಾನು ಹತ್ತಿ ಬೆಳೆದವನೂ ಅಲ್ಲ. ಬಟ್ಟೆ ಮಾರಲಿಲ್ಲವೇ? ಕೂತು ಕೇಳು."

ಶಾಂತವೀರ ಕೂತ. ಅಯ್ಯನವರು ಹೇಳತೊಡಗಿದರು.

ಬೆಟ್ಟದ ಮೇಲೆ ಒಂದು ಊರು. ಊರ ಪಕ್ಕದಲ್ಲಿ ಒಂದು ತೊರೆ. ತೊರೆಯಲ್ಲಿ ಚುಕ್ಕೆಮೀನು. ಪೇಟೆಯವರು ಅದನ್ನು ಟ್ರೌಟ್ ಎನ್ನುತ್ತಾರೆ. ನೀರು ತಣ್ಣಗಿರಬೇಕು, ಹರಿಯುತ್ತಿರಬೇಕು, ತಿಳಿಯಾಗಿರಬೇಕು. ಇಲ್ಲವಾದರೆ ಆ ಮೀನು ಬದುಕುವುದಿಲ್ಲ. ಎರೆಹುಳು ಕೊಟ್ಟರೆ ತಿನ್ನುತ್ತದೆ. ಆದರೆ ಆ ಊರಿನವರು ಗಾಳಕ್ಕೆ ಹುಳು ಹಾಕುವುದಿಲ್ಲ. ಹಸಿದವನಿಗೆ ಅನ್ನ ತೋರಿಸಿ ಕರೆಯುವುದರಲ್ಲಿ ಏನು ದೊಡ್ಡಸ್ತಿಕೆ ಎಂಬುದು ಅವರ ಮಾತು. ಅವರು ಹಾಕುವುದು ತಿರುಗುಗಾಳ.

ತಿರುಗುಗಾಳ ಎಂದರೆ ಹೆಬ್ಬೆರಳಿನ ಉಗುರಿನಷ್ಟು ತಾಮ್ರದ ತಗಡು. ಅದನ್ನು ಒಂದು ತಂತಿಗೆ ಸಡಿಲವಾಗಿ ಸಿಕ್ಕಿಸಿರುತ್ತಾರೆ. ತಂತಿಯ ತುದಿಗೆ ಮೂರು ಮುಳ್ಳಿನ ಗಾಳ. ಕೋಲನ್ನು ಬೀಸಿ ಅದನ್ನು ತೊರೆಯ ಮೇಲುಗಡೆಗೆ ಎಸೆಯುತ್ತಾರೆ. ಕೋಲಿಗೆ ಕಟ್ಟಿದ ಸಣ್ಣ ರಾಟೆಯಿಂದ ದಾರವನ್ನು ಸುತ್ತಿಕೊಳ್ಳುತ್ತಾರೆ. ತಗಡು ನೀರಿನಲ್ಲಿ ಗಿರ್ರನೆ ತಿರುಗುತ್ತ ಬರುತ್ತದೆ. ಮೀನಿಗೆ ಅದು ಹೆದರಿ ಓಡುವ ಮರಿಮೀನಿನಂತೆ ಕಾಣುತ್ತದೆ. ನೀರಿಗಿಂತ ನಿಧಾನವಾಗಿ ಸುತ್ತಿದರೆ ತಗಡು ತಿರುಗುವುದಿಲ್ಲ, ಸತ್ತ ಎಲೆಯಂತೆ ತೇಲುತ್ತದೆ. ಬಹಳ ಬೇಗ ಸುತ್ತಿದರೆ ಮೀನಿಗೆ ಅನುಮಾನ ಬರುತ್ತದೆ. ನೀರಿಗಿಂತ ಒಂದು ಕೂದಲು ಮುಂದೆ ಓಡಬೇಕು. ಆ ಒಂದು ಕೂದಲನ್ನು ಕಲಿಯಲು ಅರ್ಧ ಆಯುಷ್ಯ ಬೇಕು ಎನ್ನುತ್ತಾರೆ.

ಆ ಊರಿನಲ್ಲಿ ಇಬ್ಬರು ಕಂಚುಗಾರರಿದ್ದರು. ಒಬ್ಬ ಮೇಲಿನ ಬೀದಿಯವನು, ಇನ್ನೊಬ್ಬ ಕೆಳಗಿನ ಬೀದಿಯವನು. ಪೇಟೆಯಿಂದ ಅಚ್ಚಿನ ಪಾತ್ರೆಗಳು ಬಂದ ಮೇಲೆ ಅವರ ಹಂಡೆ ಕೊಳಗಗಳನ್ನು ಕೇಳುವವರಿರಲಿಲ್ಲ. ಉಳಿದಿದ್ದ ಕೆಲಸ ತಿರುಗುಗಾಳದ ತಗಡು ಬಡಿಯುವುದೊಂದೇ. ಬಡಿಯುವವರೂ ಅವರೇ, ತೊರೆಗೆ ಹೋಗಿ ಮೀನು ಹಿಡಿಯುವವರೂ ಅವರೇ.

ಮೇಲಿನ ಬೀದಿಯವನಿಗೆ ತನ್ನ ಕೈಯ ಮೇಲೆ ಬಹಳ ಹೆಮ್ಮೆ. ಪ್ರತಿ ತಗಡನ್ನೂ ತೊಟ್ಟಿಯ ನೀರಿನಲ್ಲಿ ಎಳೆದು ನೋಡುತ್ತಿದ್ದ. ತಿರುಗುವಾಗ ಒಂದಿಷ್ಟು ತಡವರಿಸಿದರೂ ಬಡಿದು ಚಪ್ಪಟೆ ಮಾಡಿ ಮತ್ತೆ ಕುಲುಮೆಗೆ ಹಾಕುತ್ತಿದ್ದ. ಕೊಳ್ಳಲು ಬಂದವರು, ಇರಲಿ ಬಿಡು, ಇದೇ ಸಾಕು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. "ನಿಮಗೆ ಸಾಕಾಗಬಹುದು, ಕೆಳಗಿನ ಬೀದಿಯಲ್ಲಿ ಸಿಗುತ್ತದೆ, ಹೋಗಿ," ಎನ್ನುತ್ತಿದ್ದ. ಯುಗಾದಿಗೆ ಮೊದಲು ಬೆಟ್ಟದ ಮನೆಗಳಲ್ಲಿ ತಾಮ್ರ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗುವುದು ವಾಡಿಕೆ. ಅವನು ತಗಡುಗಳನ್ನೂ ಒಂದೊಂದಾಗಿ ಬೆಳಗುತ್ತಿದ್ದ. ಮಂಕಾದ ತಾಮ್ರ ತನ್ನ ಹೊಸಿಲು ದಾಟುವುದು ಅವನಿಗೆ ಅವಮಾನ.

ಕೆಳಗಿನ ಬೀದಿಯವನು ಕೆಟ್ಟವನಲ್ಲ. ಕೈ ಚುರುಕು, ಮೈ ಸೋಮಾರಿ, ಬಾಯಿ ಉದ್ದ. ತಗಡು ತಿರುಗಿದರೆ ಆಯಿತು ಎನ್ನುವವನು. ಯುಗಾದಿಗೂ ಬೆಳಗುತ್ತಿರಲಿಲ್ಲ. ಅವನ ತಗಡುಗಳು ಕುಲುಮೆಯ ಹೊಗೆ ಹಿಡಿದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದವು.

ಚಳಿಗಾಲದಲ್ಲಿ ಆ ಮೀನು ಮೊಟ್ಟೆ ಇಡುತ್ತದೆ. ಆಗ ಯಾರೂ ತೊರೆಗೆ ಗಾಳ ಹಾಕುವುದಿಲ್ಲ. ಯುಗಾದಿ ಕಳೆದು, ಬಿಸಿಲು ಏರಿ, ತೊರೆಯ ನೀರು ಇಳಿದಾಗ ಹಿರಿಯರು ಒಂದು ದಿನ ಗೊತ್ತು ಮಾಡುತ್ತಾರೆ. ಅದಕ್ಕೆ ತೊರೆ ಬಿಡುವ ದಿನ ಎಂದು ಹೆಸರು. ಆ ದಿನ ಹಿಡಿದ ಮೀನನ್ನು ಸಂಜೆ ಊರ ಕಟ್ಟೆಗೆ ತರಬೇಕು. ಅಲ್ಲಿ ಒಬ್ಬ ಮುದುಕಿ ಕೂತಿರುತ್ತಾಳೆ. ಅವಳು ಮೀನಿನ ಉದ್ದ ನೋಡುವುದಕ್ಕೆ ಮೊದಲು ಬಾಯಿ ನೋಡುತ್ತಾಳೆ. ಮುಳ್ಳಿನ ಗುರುತು ಬಾಯಿಯಲ್ಲಿರಬೇಕು. ಗಾಳಕ್ಕೆ ಮೂರು ಮುಳ್ಳಿರುವುದರಿಂದ ಸುಮ್ಮನೆ ಎಳೆದರೂ ಪಕ್ಕದಲ್ಲಿ ಹೋಗುವ ಮೀನಿನ ಮೈಗೆ ಅದು ಸಿಕ್ಕಿಕೊಳ್ಳಬಹುದು. ಮೀನು ತಾನಾಗಿ ಬಾಯಿ ತೆರೆದು ಕಚ್ಚಿದ್ದರೆ ಅದು ಹಿಡಿದ ಮೀನು. ಮೈಗೆ ಮುಳ್ಳು ನಾಟಿ ಬಂದದ್ದು ಎಳೆದ ಮೀನು. ಎಳೆದ ಮೀನು ಲೆಕ್ಕಕ್ಕಿಲ್ಲ, ಅದನ್ನು ನೀರಿಗೆ ಬಿಡಬೇಕು. ಇದು ಆ ಊರಿನ ಕಟ್ಟು.

ಆ ವರ್ಷ ಬಯಲಿನಿಂದ ಒಬ್ಬ ವರ್ತಕ ಬಂದ. ಇಬ್ಬರು ಕಂಚುಗಾರರನ್ನೂ ಕಟ್ಟೆಗೆ ಕರೆಸಿದ. "ಈ ಬೆಟ್ಟದಲ್ಲಿ ತೊರೆಯಿರುವ ಊರು ಬಹಳ. ಎಲ್ಲ ಊರಿಗೂ ನಾನು ತಗಡು ಒಯ್ಯುತ್ತೇನೆ. ಆದರೆ ಇಬ್ಬರ ಮಾಲು ಒಯ್ಯುವುದಿಲ್ಲ. ಒಂದೇ ಕೈಯದು ಬೇಕು. ಯಾರ ಕೈ ಎಂದು ನಾನು ಹೇಳುವುದಿಲ್ಲ. ತೊರೆ ಬಿಡುವ ದಿನ ನೀವಿಬ್ಬರೂ ನಿಮ್ಮ ನಿಮ್ಮ ತಗಡು ಹಾಕಿ. ದೊಡ್ಡ ಮೀನು ಯಾರದೋ, ತಗಡು ಅವನದು," ಎಂದ.

ಇಬ್ಬರಿಗೂ ಅರ್ಥವಾಯಿತು. ಗೆದ್ದವನ ಕುಲುಮೆ ಉರಿಯುತ್ತದೆ. ಸೋತವನ ಕುಲುಮೆ ಆರುತ್ತದೆ.

ಆ ದಿನ ಬಂತು. ಮೇಲಿನ ಬೀದಿಯವನು ಹೊಳೆಯುವ ತಗಡೊಂದನ್ನು ಆರಿಸಿಕೊಂಡ. ಅವನ ಜೊತೆ ಹೆಂಡತಿಯ ತಮ್ಮ ಹೊರಟ, ಬಲೆಬುಟ್ಟಿ ಹಿಡಿಯಲು. ಇಬ್ಬರೂ ತೊರೆಯ ಮೇಲುಗಡೆಗೆ ಹತ್ತಿದರು. ನೆರಳು ನೀರಿಗೆ ಬೀಳದಂತೆ ಬಂಡೆಯ ಹಿಂದೆ ಕೂತರು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲುಗಳಿಗೆ ಹಿಡಿದ ಪಾಚಿಯ ಬಣ್ಣ ಹೇಳಬಹುದಿತ್ತು.

ಬೆಳಗಿನಿಂದ ಎಸೆದ. ಏನೂ ಬರಲಿಲ್ಲ. ಮಧ್ಯಾಹ್ನ ಒಂದು ಮಡುವಿನ ಬಾಯಲ್ಲಿ, ಓಡುವ ನೀರು ನಿಂತ ನೀರನ್ನು ಸೇರುವ ಕಡೆ, ತಗಡನ್ನು ಇಳಿಸಿದ. ಬಂಡೆಯ ಅಡಿಯಿಂದ ಒಂದು ಮೀನು ಹೊರಬಂತು. ಅಂಥ ಮೀನನ್ನು ಅವನು ಆ ತೊರೆಯಲ್ಲಿ ಕಂಡಿರಲಿಲ್ಲ. ತಗಡಿನ ಹಿಂದೆಯೇ ಬಂತು. ತಗಡು ಬಿಸಿಲಿಗೆ ಬಂತು, ಮೀನೂ ಬಿಸಿಲಿಗೆ ಬಂತು. ಆಮೇಲೆ ನೀರು ಕದಡಿತು. ದಾರ ಬಿಗಿಯಾಯಿತು. ಕೋಲು ಬಾಗಿತು.

ಬಾಯಿಗೆ ಸಿಕ್ಕ ಮೀನು ತಲೆ ಕೊಡವುತ್ತದೆ. ಆ ಕೊಡವಿಕೆ ಕೋಲಿನ ಹಿಡಿಯವರೆಗೆ ಬರುತ್ತದೆ. ಇದು ಕೊಡವಲಿಲ್ಲ. ನೀರಿಗೆ ಅಡ್ಡಲಾಗಿ ನಿಂತು ಹಲಗೆಯಂತೆ ಎಳೆಯಿತು. ಅವನಿಗೆ ಆಗಲೇ ವಿಷಯ ತಿಳಿಯಿತು. ಆದರೂ ಬಿಡದೆ ತಂದ. ಭಾವಮೈದುನ ಸೊಂಟದವರೆಗೆ ನೀರಿಗಿಳಿದು ಬಲೆಯಲ್ಲಿ ಎತ್ತಿದ. ಎರಡು ಕೈಯಲ್ಲಿ ಹಿಡಿದರೂ ಬಾಲ ಹೊರಗೆ ಉಳಿಯುವಷ್ಟು ದೊಡ್ಡದು. ಮುಳ್ಳು ಬಾಯಿಯಲ್ಲಿರಲಿಲ್ಲ. ಬೆನ್ನಿನ ರೆಕ್ಕೆಯ ಕೆಳಗೆ, ಪಕ್ಕೆಯಲ್ಲಿ ನಾಟಿತ್ತು.

ಇಬ್ಬರೂ ಅದನ್ನು ನೋಡಿದರು.

"ಭಾವ," ಎಂದ ಭಾವಮೈದುನ, ದನಿ ತಗ್ಗಿಸಿ. "ಇಲ್ಲಿ ನಾವಿಬ್ಬರೇ ಇದ್ದೇವೆ."

"ಅದು ನನಗೂ ಕಾಣುತ್ತದೆ."

"ಬಾಯಿಗೆ ಒಂದು ಚುಚ್ಚು ಕೊಟ್ಟರೆ ಆಯಿತು. ಪಕ್ಕೆಯ ಗಾಯಕ್ಕೆ ಬಂಡೆ ತಾಗಿತು ಅನ್ನೋಣ. ಆ ಮುದುಕಿಗೆ ಸಂಜೆಯ ಹೊತ್ತು ತನ್ನ ಮೊಮ್ಮಕ್ಕಳೇ ಕಾಣುವುದಿಲ್ಲ."

"ಇದು ನನ್ನ ತಗಡನ್ನು ಕಚ್ಚಲಿಲ್ಲ."

"ಕಚ್ಚದಿದ್ದರೇನು, ಬಂತಲ್ಲ."

"ಬರಲಿಲ್ಲ. ನಾನು ಎಳೆದೆ."

ಭಾವಮೈದುನ ಮೀನನ್ನು ಎದೆಗೊತ್ತಿಕೊಂಡ. "ನೋಡಿ ಭಾವ, ಕೊಟ್ಟವನು ದೇವರು. ಎಲ್ಲಿಗೆ ಚುಚ್ಚಿ ಕೊಟ್ಟೆ ಎಂದು ಅವನನ್ನು ಕೇಳುವುದಕ್ಕೆ ನಾವು ಯಾರು? ಸಣ್ಣವರು ನಾವು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತಗೊಳ್ಳಬೇಕು. ಮನೆಯಲ್ಲಿ ಅಕ್ಕ ಒಲೆ ಮುಂದೆ ಕೂತಿದ್ದಾಳೆ. ಇಷ್ಟು ಜಂಬ ಬಡವನಿಗೆ ಒಳ್ಳೆಯದಲ್ಲ."

ಕಂಚುಗಾರ ಮುಳ್ಳು ಬಿಡಿಸಿದ. ಆಮೇಲೆ ಹೇಳಿದ. "ದೇವರು ಕೊಡುವುದಾದರೆ ಮೀನೇ ಕೊಡಲಿ, ಬೇಡ ಎನ್ನುವುದಿಲ್ಲ. ಆದರೆ ನನ್ನ ತಗಡಿನ ಹೆಸರಲ್ಲಿ ಇದನ್ನು ತೋರಿಸುವುದಿಲ್ಲ. ನನ್ನ ತಗಡನ್ನು ನೋಡಿ ಬೇಡ ಎಂದ ಮೀನು ಇದು. ಇದನ್ನು ಹೊತ್ತುಕೊಂಡು ಹೋಗಿ ಬೇಕು ಎಂದಿತು ಅನ್ನಲೇ? ನನ್ನ ಕೈ ಅಷ್ಟು ಅಗ್ಗ ಅಲ್ಲ."

ಮೀನನ್ನು ನೀರಿಗೆ ಇಳಿಸಿದ. ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ಉಸಿರು ಬರುವವರೆಗೆ ಕಾದ. ಮೀನು ಒಂದು ಸಲ ಬಾಲ ಬೀಸಿ ಬಂಡೆಯ ಅಡಿಗೆ ಹೋಯಿತು. ಭಾವಮೈದುನ ಬರಿಯ ಬಲೆಯನ್ನು ನೋಡುತ್ತ ನೀರಿನಲ್ಲೇ ನಿಂತಿದ್ದ.

ಸಂಜೆ ಕಟ್ಟೆಯಲ್ಲಿ ಜನ ಸೇರಿದರು. ಕೆಳಗಿನ ಬೀದಿಯವನು ಒಂದು ಮೊಳದ ಮೀನು ತಂದಿದ್ದ. ಮುದುಕಿ ಅದರ ಬಾಯಿಗೆ ಹೆಬ್ಬೆರಳು ಹಾಕಿ ತಡವಿದಳು. "ಕಚ್ಚಿದೆ. ಚೆನ್ನಾಗಿ ಕಚ್ಚಿದೆ," ಎಂದಳು. ಅದು ಸುಳ್ಳೇನಲ್ಲ. ಹೊಗೆ ಹಿಡಿದ ಅವನ ತಗಡನ್ನು ಆ ಮೀನು ನುಂಗುವ ಹಾಗೆ ಕಚ್ಚಿತ್ತು.

ಮೇಲಿನ ಬೀದಿಯವನು ಬರಿಗೈಯಲ್ಲಿ ಬಂದ.

"ಏನಣ್ಣ," ಎಂದ ಕೆಳಗಿನ ಬೀದಿಯವನು. "ಬುಟ್ಟಿಗೆ ಇವತ್ತು ಏಕಾದಶಿಯೋ?"

"ಒಂದು ಬಂತು. ಕಚ್ಚಲಿಲ್ಲ. ಬಿಟ್ಟೆ."

ಭಾವಮೈದುನನಿಗೆ ತಡೆಯಲಾಗಲಿಲ್ಲ. "ಇಷ್ಟು ಉದ್ದ ಇತ್ತು," ಎಂದು ಎರಡು ಕೈಯನ್ನೂ ಅಗಲಿಸಿದ.

"ಕೈ ಅಲ್ಲೇ ನಿಲ್ಲಿಸಪ್ಪ, ಪಕ್ಕದವರ ಕಣ್ಣಿಗೆ ತಾಗೀತು. ಬುಟ್ಟಿಗೆ ಬೀಳದ ಮೀನಿಗೆ ದಾರಿಯಲ್ಲೇ ಗೇಣುದ್ದ ಬೆಳೆಯುವ ವರ ಇದೆ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮೇಲಿನ ಬೀದಿಯವನು ಭಾವಮೈದುನನ ಕಡೆ ತಿರುಗಿದ. "ಸುಮ್ಮನಿರು. ಇಲ್ಲದ ಮೀನಿಗೆ ಸಾಕ್ಷಿ ಹೇಳಬೇಡ."

ವರ್ತಕ ನಗಲಿಲ್ಲ. "ಯಾಕೆ ಕಚ್ಚಲಿಲ್ಲ?" ಎಂದು ಕೇಳಿದ.

"ಗೊತ್ತಿಲ್ಲ. ಗೊತ್ತಾಗುವವರೆಗೆ ನನ್ನ ತಗಡನ್ನು ನಿಮಗೆ ಮಾರುವುದಿಲ್ಲ."

"ಕೊಳ್ಳುತ್ತೇನೆ ಎಂದು ನಾನೂ ಹೇಳಲಿಲ್ಲವಲ್ಲ," ಎಂದ ವರ್ತಕ. ಈ ಸಲ ನಗು ಇನ್ನೂ ಜೋರಾಯಿತು.

ವರ್ತಕ ಕೆಳಗಿನ ಬೀದಿಯವನ ಮಾಲು ಗೊತ್ತು ಮಾಡಿದ. ಗೊತ್ತು ಮಾಡಿ ಹೊರಡುವಾಗ ಒಂದು ಮಾತು ಹೇಳಿದ. "ಸಂತೆಗೆ ಹೋಗುವ ಮಾಲು. ಹೀಗೆ ಮಸಿ ಹಿಡಿದದ್ದು ಬೇಡ. ಚೆನ್ನಾಗಿ ಬೆಳಗಿಸಿ ಕೊಡು." ಕೆಳಗಿನ ಬೀದಿಯವನು ಮನೆಮಂದಿಯನ್ನೆಲ್ಲ ಕೂರಿಸಿ, ಹುಣಸೆಹಣ್ಣು ತರಿಸಿ, ತಗಡುಗಳನ್ನು ಥಳಥಳ ಎನ್ನುವ ಹಾಗೆ ಬೆಳಗಿಸಿದ. ಹೇರು ಹೊರಟಿತು.

ಮೇಲಿನ ಬೀದಿಯ ಕುಲುಮೆ ಆರಿತು. ಒಂದು ದಿನ ಕಂಚುಗಾರನ ಹೆಂಡತಿ ತಟ್ಟೆ ಇಟ್ಟು ಕೇಳಿದಳು. "ಇವತ್ತು ಸಾರಿಗೆ ಬೇಳೆ ಇಲ್ಲ. ನಿಮ್ಮ ಹೆಮ್ಮೆಗೇ ಒಂದು ಒಗ್ಗರಣೆ ಹಾಕಿ ಬಡಿಸಲೇ?"

"ಬಡಿಸು," ಎಂದ ಅವನು. "ಹಳಸಿದ್ದಲ್ಲ."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ನಗುವನ್ನು ಅವನಿಗೆ ತೋರಿಸಲಿಲ್ಲ.

ಅವನು ದಿನವೂ ಆ ಮಡುವಿಗೆ ಹೋಗತೊಡಗಿದ. ತಗಡಿನಿಂದ ಗಾಳವನ್ನು ಬಿಚ್ಚಿ ಮನೆಯಲ್ಲೇ ಇಟ್ಟ. ಬರಿಯ ತಗಡನ್ನು ದಾರಕ್ಕೆ ಕಟ್ಟಿದ. ಬಂಡೆಯ ಮೇಲೆ ಹೊಟ್ಟೆಯ ಮೇಲೆ ಮಲಗಿ, ಎಸೆದು, ಎಳೆದು, ನೋಡಿದ. ದಾರಿಹೋಕರು ಅವನನ್ನು ಕಂಡು ತಲೆಗೆ ಏನೋ ಆಗಿದೆ ಎಂದರು. ಗಾಳವಿಲ್ಲದೆ ಮೀನು ಹಿಡಿಯುವವನನ್ನು ಅವರು ನೋಡಿರಲಿಲ್ಲ. ಅವನು ಮೀನು ಹಿಡಿಯಲು ಹೋಗಿರಲಿಲ್ಲ. ಮೀನು ಎಲ್ಲಿ ಬೇಡ ಎನ್ನುತ್ತದೆ ಎಂದು ನೋಡಲು ಹೋಗಿದ್ದ.

ಅಲ್ಲಿಯವರೆಗೆ ಅವನು ಕಚ್ಚಿದ ಮೀನುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದ. ಬಂದು ತಿರುಗಿ ಹೋದವುಗಳ ಕಡೆ ಕಣ್ಣು ಹಾಯಿಸಿರಲಿಲ್ಲ. ಅಂಗಡಿಯಲ್ಲಿ ಕೂತವರು ಮಾಡುವ ತಪ್ಪೂ ಇದೇ. ಕೊಂಡವನಿಗೆ ಎಲೆಅಡಿಕೆ ಕೊಡುತ್ತಾರೆ. ಬಾಗಿಲವರೆಗೆ ಬಂದು ಒಳಗೆ ಇಣುಕಿ ಹಾಗೆಯೇ ಹೋದವನ ಮುಖ ಅವರಿಗೆ ನೆನಪಿರುವುದಿಲ್ಲ. ಅಂಗಡಿ ಮುಳುಗುವುದು ಅವನಿಂದ.

ನೋಡುತ್ತ ನೋಡುತ್ತ ಅವನಿಗೆ ಒಂದು ವಿಷಯ ಹೊಳೆಯಿತು. ತಗಡು ನೆರಳಿನಲ್ಲಿ ಬರುವಾಗ ಮೀನು ಹಿಂದೆ ಬರುತ್ತದೆ. ತಗಡು ಬಿಸಿಲಿಗೆ ಬಂದ ಕೂಡಲೇ ಮಿಂಚುತ್ತದೆ. ಮೀನು ಬೆದರಿ ಪಕ್ಕಕ್ಕೆ ಹೊರಳುತ್ತದೆ. ಅಂದು ಆದದ್ದೂ ಅದೇ. ಹೊರಳುವಾಗ ಮುಳ್ಳು ಪಕ್ಕೆಗೆ ನಾಟಿತ್ತು. ಮಳೆಗಾಲದ ಕೆಂಪು ನೀರಿನಲ್ಲಿ ಆ ಹೊಳಪು ಬೇಕು, ಇಲ್ಲದಿದ್ದರೆ ಮೀನಿಗೆ ತಗಡು ಕಾಣುವುದಿಲ್ಲ. ವಸಂತದ ತಿಳಿನೀರಿಗೆ ಅದು ಹೆಚ್ಚಾಯಿತು. ಅವನು ಯಾವುದನ್ನು ಮನೆತನದ ಮರ್ಯಾದೆ ಎಂದು ಉಜ್ಜಿ ಉಜ್ಜಿ ಇಟ್ಟಿದ್ದನೋ, ಮೀನು ಬೇಡ ಎಂದದ್ದು ಅದನ್ನೇ.

ಇದನ್ನು ಒಪ್ಪುವುದು ಅವನಿಗೆ ಸುಲಭವಾಗಲಿಲ್ಲ. ಕೆಲವು ದಿನ ತಗಡು ಮುಟ್ಟಲಿಲ್ಲ. ಆಮೇಲೆ ಕುಲುಮೆ ಹೊತ್ತಿಸಿದ. ಬೆಳಗಿದ ತಗಡೊಂದನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಎಣ್ಣೆಗೆ ಅದ್ದಿ, ಕಪ್ಪು ಮಾಡಿದ. ಅಂಚನ್ನು ಮಾತ್ರ ಕೂದಲೆಳೆಯಷ್ಟು ಬೆಳಗಿದ, ಮರಿಮೀನಿನ ಹೊಟ್ಟೆ ಕಾಣುವಷ್ಟು. ತೊರೆಗೆ ಒಯ್ದು ಗಾಳವಿಲ್ಲದೆ ಎಳೆದ. ಬಂಡೆಯ ಅಡಿಯಿಂದ ಮೀನು ಬಂತು. ಪಕ್ಕೆಯಲ್ಲಿ ಮಾಸಿದ ಗಾಯ. ತಗಡು ಬಿಸಿಲಿಗೆ ಬಂತು. ಮೀನು ಹೊರಳಲಿಲ್ಲ. ಬಾಯಿ ತೆರೆದು ಹಿಡಿಯಿತು, ತಾಮ್ರ ಎಂದು ತಿಳಿದು ಉಗುಳಿತು, ಹೋಯಿತು.

ಅವನು ಮನೆಗೆ ಬಂದು ಹೆಂಡತಿಗೆ, "ಹಿಡಿದೆ," ಎಂದ.

ಅವಳು ಅವನ ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ. ಆದರೆ ಅವನು ನಿಂತ ರೀತಿ ನೋಡಿ, ಕೇಳಬೇಕೆಂದಿದ್ದ ಮಾತನ್ನು ಕೇಳಲಿಲ್ಲ.

ಮಳೆ ಹಿಡಿಯುವ ಮೊದಲು ವರ್ತಕ ಮತ್ತೆ ಬೆಟ್ಟ ಹತ್ತಿದ. ಒಯ್ದ ಹೇರಿನಲ್ಲಿ ಬಹುಪಾಲು ಅವನೊಂದಿಗೆ ಹಿಂದೆ ಬಂದಿತ್ತು. ಬೆಟ್ಟದ ಊರುಗಳಲ್ಲಿ ಜನ ಅದನ್ನು ಒಂದು ಸಲ ಹಾಕಿ ನೋಡಿ, ಇದನ್ನು ನಮ್ಮ ಮಗುವಿನ ಸೊಂಟಕ್ಕೆ ಕಟ್ಟುತ್ತೇವೆ, ಚೆನ್ನಾಗಿ ಹೊಳೆಯುತ್ತದೆ ಎಂದಿದ್ದರು. ವರ್ತಕ ಮೊದಲು ಕೆಳಗಿನ ಬೀದಿಗೆ ಹೋದ. "ಅಂದು ಕಚ್ಚಿತ್ತಲ್ಲ, ಈಗೇಕೆ ಕಚ್ಚುವುದಿಲ್ಲ?" ಎಂದು ಕೇಳಿದ.

"ಮೀನಿನ ಮನಸ್ಸು ಯಾರಿಗೆ ಗೊತ್ತು ಸ್ವಾಮಿ," ಎಂದ ಕೆಳಗಿನ ಬೀದಿಯವನು. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ವರ್ತಕ ಮೇಲಿನ ಬೀದಿಗೆ ಬಂದ. ಕಂಚುಗಾರ ಕಪ್ಪು ತಗಡುಗಳನ್ನು ಚಾಪೆಯ ಮೇಲೆ ಹರಡಿದ. ವರ್ತಕ ಒಂದನ್ನು ಎತ್ತಿ ಮೂಸಿ ನೋಡಿದ.

"ಒಲೆಯಿಂದ ತೆಗೆದ ಹಾಗಿದೆಯಲ್ಲಯ್ಯ. ಇದನ್ನು ಯಾರು ಕೊಳ್ಳುತ್ತಾರೆ?"

"ನೀವು ಕೊಳ್ಳುತ್ತೀರಿ. ಬೇರೆಯದು ಹಿಂದೆ ಬಂದಾಗಿದೆ."

"ಬಾಯಿ ಜೋರಿದೆ."

"ತೊರೆಗೆ ಬನ್ನಿ. ನಾನು ಅಲ್ಲಿ ಬಾಯಿ ತೆರೆಯುವುದಿಲ್ಲ."

ವರ್ತಕ ತೊರೆಗೆ ಹೋದ. ಹೋಗಿ ನೋಡಿದ. ನೋಡಿ ಹಿಂದೆ ಬಂದು ಕಪ್ಪು ತಗಡುಗಳನ್ನೆಲ್ಲ ಕಟ್ಟಿಸಿಕೊಂಡ. ಕಟ್ಟುವ ಮೊದಲು ಕಂಚುಗಾರ ಪ್ರತಿ ತಗಡಿನ ಒಳಮೈಗೂ ಉಳಿಯಿಂದ ತನ್ನ ಮನೆಯ ಗುರುತು ಹೊಡೆದ. ಅಲ್ಲಿಯವರೆಗೆ ಅವನು ಯಾವ ತಗಡಿಗೂ ಗುರುತು ಹೊಡೆದಿರಲಿಲ್ಲ.

ಕೆಲವು ದಿನಗಳ ಮೇಲೆ ಕೆಳಗಿನ ಬೀದಿಯವನು ಎಣ್ಣೆಯಿಲ್ಲದ ಕಂದೀಲಿನಂತೆ ಮುಖ ಮಾಡಿಕೊಂಡು ಮೇಲಿನ ಬೀದಿಗೆ ಬಂದ. "ಅಣ್ಣ, ನಿನಗೆ ಇದು ಹೇಗೆ ತಿಳಿಯಿತು? ಮುಚ್ಚಿಡದೆ ಹೇಳು," ಎಂದ.

"ಗಾಳ ಬಿಚ್ಚಿಟ್ಟು ಎಳೆ. ತಿಳಿಯುತ್ತದೆ."

ತನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ಕೆಳಗಿನ ಬೀದಿಯವನು ಸಿಟ್ಟಾಗಿ ಎದ್ದು ಹೋದ. ಇವನು ಮುಚ್ಚಿಟ್ಟಿರಲಿಲ್ಲ. ಇದ್ದದ್ದನ್ನೇ ಹೇಳಿದ್ದ.

ಇಷ್ಟು ಹೇಳಿ ಓಂಕಾರಯ್ಯನವರು ನಿಲ್ಲಿಸಿದರು. ಪಕ್ಕದಲ್ಲಿದ್ದ ತಂಬಿಗೆಯಿಂದ ನೀರು ಕುಡಿದರು.

ಕತೆ ಶಾಂತವೀರನಿಗೆ ಹಿಡಿಸಿತ್ತು, ಆದರೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

"ಅಂದರೆ ಕೊನೆಗೆ ಸತ್ಯಕ್ಕೆ ಜಯ ಎಂದಾಯಿತು," ಎಂದ.

"ಹಾಗೆ ನಾನು ಹೇಳಲಿಲ್ಲ. ಆ ವರ್ತಕ ದಾರಿಯಲ್ಲಿ ಜ್ವರ ಬಂದು ಮಲಗಿದ್ದರೆ ಬೆಟ್ಟ ಹತ್ತುತ್ತಿರಲಿಲ್ಲ. ಕಂಚುಗಾರನ ಕುಲುಮೆ ಆರಿಯೇ ಇರುತ್ತಿತ್ತು. ವ್ಯಾಪಾರದಲ್ಲಿ ಅಂಥದ್ದೂ ಆಗುತ್ತದೆ."

"ಆಗಿದ್ದರೂ ಅವನು ಮಾಡಿದ್ದು ಸರಿಯೇ?"

"ಅವನನ್ನು ಕೇಳಿದ್ದರೆ ಸರಿಯೋ ತಪ್ಪೋ ಗೊತ್ತಿಲ್ಲ ಎನ್ನುತ್ತಿದ್ದ. ನನ್ನ ಕೈ ಅಷ್ಟು ಅಗ್ಗ ಅಲ್ಲ, ಅದಷ್ಟು ಗೊತ್ತು ಎನ್ನುತ್ತಿದ್ದ."

ಶಾಂತವೀರ ಬಿಡಲಿಲ್ಲ. ಅವನು ಕೇಳಬೇಕೆಂದು ಬಂದದ್ದು ಅದೇ ಆಗಿತ್ತು.

"ಇರಬಹುದು ಅಯ್ಯನವರೇ. ಆದರೂ ಅವನಲ್ಲಿ ಹೆಮ್ಮೆಯ ಜಾಗದಲ್ಲಿ ಒಂದಿಷ್ಟು ವಿನಯ ಇದ್ದಿದ್ದರೆ ಏನಾಗುತ್ತಿತ್ತು?"

ಓಂಕಾರಯ್ಯನವರು ತಂಬಿಗೆಯನ್ನು ಕೆಳಗಿಟ್ಟರು.

"ಆ ಮೀನನ್ನು ಅಂದೇ ಕಟ್ಟೆಗೆ ತರುತ್ತಿದ್ದ."